ಅಟ್ಟಕ್ಕೇರಿದ ಬಿಸಿಲು

ಮೇ ತಿಂಗಳ ಕೊನೆಯ ದಿನಗಳಲ್ಲಿ ನಾವುಂದದ ಕಡಲಬದಿಯ ಅಂಗಳಗಳಿಗೆ ಒಂದು ಬಗೆಯ ಆತುರ ಬರುತ್ತಿತ್ತು. ಹೆಣೆದ ತೆಂಗಿನ ಮಡ್ಲಿನ ಮೇಲೆ ಹರಡಿದ ಶೆಟ್ಲಿ ಎಂಬ ಸಿಗಡಿ, ಹೊಟ್ಟೆ ಸೀಳಿ ಉಪ್ಪು ತುಂಬಿದ ಬಂಗುಡೆ, ಕಾಗೆ ಓಡಿಸಲು ಕೋಲು ಹಿಡಿದು ಕೂತ ನಾವು. ಅಮ್ಮಮ್ಮ ಆಗಾಗ ಹೊರಗೆ ಬಂದು ಪಡುವಣ ದಿಕ್ಕನ್ನು ನೋಡಿ ಹೋಗುತ್ತಿದ್ದಳು. “ಮಳಿ ಬತ್ತ್ ಕಾಣ್, ಒಳ್ಗ್ ತಕಂಡ್ ಬಾ” ಎಂದಳೆಂದರೆ, ಆಕಾಶ ಎಷ್ಟೇ ತಿಳಿಯಾಗಿದ್ದರೂ ಮಡ್ಲು ಎತ್ತಲೇಬೇಕು. ಒಂದು ಮೀನನ್ನು ಹಿಡಿದು ಬಾಲದ ಕಡೆಯಿಂದ ಬಾಗಿಸಿ ನೋಡುವಳು. ಬಾಗಿದರೆ ಇನ್ನೊಂದು ಬಿಸಿಲು ಬೇಕು. ಸೆಟೆದು ನಿಂತರೆ ಅಟ್ಟಕ್ಕೆ. ಎಷ್ಟು ದಿನ ಒಣಗಿಸಬೇಕೆಂದು ಆಕೆ ಎಂದೂ ಹೇಳಿದವಳಲ್ಲ, ಎಷ್ಟು ಬಿಸಿಲು ಎಂದೇ ಹೇಳುತ್ತಿದ್ದಳು. ದಿನ ಸುಮ್ಮನೆ ಕಳೆದುಹೋಗುತ್ತದೆ, ಬಿಸಿಲು ಮಾತ್ರ ವಸ್ತುವಿನ ಒಳಗೆ ಇಳಿದು ಅಲ್ಲಿಯೇ ಉಳಿಯುತ್ತದೆ ಎಂಬ ಭೇದ ಆ ಮಾತಿನಲ್ಲಿತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ಆತುರಕ್ಕೆ ಕಾರಣವಿತ್ತು. ಮಳೆ ಹಿಡಿದ ಮೇಲೆ ಕಡಲಿಗಿಳಿಯುವುದು ದುಸ್ತರ. ಇತ್ತ ಸೌಪರ್ಣಿಕಾ ತುಂಬಿದರೆ ಸಾಲ್ಬುಡ, ಬಡಾಕೆರೆಗಳ ಗದ್ದೆ ಯಾವುದು ಹೊಳೆ ಯಾವುದು ತಿಳಿಯದು. ಮುಂದಿನ ಎರಡು ತಿಂಗಳು ಮನೆಯವರನ್ನು ಕಾಯುವುದು ಅಟ್ಟದ ಭರಣಿಗಳೇ: ಉಪ್ಪುನೀರಿನಲ್ಲಿ ಮುಳುಗಿದ ಹಲಸಿನ ಸೊಳೆ, ಮಾವಿನ ಮಿಡಿ, ಒಣಮೀನು. ಉಪ್ಪು ಮಾಡುವ ಕೆಲಸ ಸರಳವಾದದ್ದು. ಅದು ಮಾಂಸದೊಳಗಿನ ನೀರನ್ನು ಹೊರಗೆಳೆಯುತ್ತದೆ. ನೀರಿಲ್ಲದಲ್ಲಿ ಕೊಳೆಯುವಿಕೆಗೆ ಆಸರೆಯಿಲ್ಲ. ಅಳಿಯಲೇಬೇಕಾದ ಒಂದು ವಸ್ತು ಇನ್ನಷ್ಟು ಕಾಲ ಉಳಿಯಲಿ ಎಂಬ ಈ ಸಣ್ಣ ಹಟದಿಂದ ಎಷ್ಟೊಂದು ರುಚಿಗಳು ಹುಟ್ಟಿದವು ಎಂದು ಯೋಚಿಸಿದಾಗಲೆಲ್ಲ ನನಗೆ ಕಡಲಾಚೆಯ ಫಿಲಿಪೀನ್ಸ್ ನೆನಪಾಗುತ್ತದೆ.

ಅಲ್ಲಿ ಲಾಂಗನೀಸಾ ಎಂಬ ತಿನಿಸಿದೆ. ಹಂದಿಯ ಮಾಂಸವನ್ನು ಕೊಚ್ಚಿ, ಉಪ್ಪು ಬೆಳ್ಳುಳ್ಳಿ ಬೆರೆಸಿ, ಕರುಳಿನ ತೆಳುಪೊರೆಯಲ್ಲಿ ತುಂಬಿ ಕಟ್ಟುವುದು. ವಿಗಾನ್ ಊರಿನವರು ಅದಕ್ಕೆ ಕಬ್ಬಿನ ಹುಳಿರಸ ಸೇರಿಸುತ್ತಾರೆ. ಲುಕ್ಬಾನಿನವರಿಗೆ ಓರೆಗಾನೋ ಎಂಬ ಸೊಪ್ಪಿನ ಪರಿಮಳ ಬೇಕು. ಇನ್ನು ಕೆಲವು ಊರುಗಳಲ್ಲಿ ಅದು ಸಿಹಿ. ಹೆಸರು ಸ್ಪೇನಿನದು, ರುಚಿ ಊರಿನದು. ಸ್ಪೇನಿನವರು ಸೆಬು ದ್ವೀಪದಲ್ಲಿ ನೆಲೆಯೂರಿದ್ದು 1565ರಲ್ಲಿ. ಅದಾದ ನಾಲ್ಕೇ ವರ್ಷಕ್ಕೆ, 1569ರಲ್ಲಿ, ಪೋರ್ಚುಗೀಸರು ನಮ್ಮ ಬಸ್ರೂರನ್ನು ವಶಪಡಿಸಿಕೊಂಡರು. ನಮ್ಮ ಚಟ್ನಿಯ ಮೆಣಸೂ ಆ ಕಾಲದ ಹಡಗುಗಳೊಡನೆ ಬಂದದ್ದೇ. ಬಂದವರು ಹೊರಟುಹೋದರು, ಒಲೆಯ ಬಳಿಗೆ ಬಂದದ್ದು ಮಾತ್ರ ಮರಳಿ ಹೋಗಲಿಲ್ಲ. ಅಲ್ಲಿಯವರು ಬೆಳಗಿನ ಹೊತ್ತು ಹಿಂದಿನ ರಾತ್ರಿಯ ಅನ್ನವನ್ನು ಬೆಳ್ಳುಳ್ಳಿಯೊಡನೆ ಹುರಿದು, ಪಕ್ಕಕ್ಕೆ ಲಾಂಗನೀಸಾ ಅಥವಾ ಒಣಮೀನು ಇಟ್ಟುಕೊಂಡು ಉಣ್ಣುತ್ತಾರಂತೆ. ತಂಗಳನ್ನದ ಪಕ್ಕದಲ್ಲಿ ಉಪ್ಪಿನಲ್ಲಿ ಉಳಿಸಿದ ಏನಾದರೊಂದು ಇರಬೇಕೆಂಬುದನ್ನು ಅವರಿಗೂ ನಮಗೂ ಯಾರೂ ಹೇಳಿಕೊಟ್ಟಿರಲಾರರು.

ನಮ್ಮಲ್ಲಿ ಅದು ಶೆಟ್ಲಿ ಚಟ್ನಿ. ಆಸಾಡಿಯ ಬೆಳಗು, ಹೊರಗೆ ಬಿಡದೆ ಸುರಿಯುವ ಮಳೆ. ಅಮ್ಮಮ್ಮ ಒಣ ಶೆಟ್ಲಿಯನ್ನು ಓಡಿನಲ್ಲಿ ಹುರಿದು, ಮೊರದಲ್ಲಿ ಹಾಕಿ ಕೈಯಲ್ಲಿ ಹಗುರವಾಗಿ ತಿಕ್ಕುತ್ತಿದ್ದಳು. ತಲೆ, ಬಾಲ, ಮೀಸೆಗಳು ಉದುರಿ, ಒಮ್ಮೆ ಕೇರಿದರೆ ಹೊಟ್ಟಿನಂತೆ ಹಾರಿಹೋಗುತ್ತಿದ್ದವು. ಸುಟ್ಟ ಮೆಣಸು, ಹುಣಸೆಹಣ್ಣು, ಕಾಯಿತುರಿಗಳನ್ನು ಅರೆದಾದ ಮೇಲೆ ಕಟ್ಟಕಡೆಗೆ ಶೆಟ್ಲಿ ಹಾಕಿ ಕಲ್ಲನ್ನು ಎರಡು ಸುತ್ತು ತಿರುಗಿಸುವುದು, ಅಷ್ಟೇ. ನುಣ್ಣಗಾದರೆ ಕೆಟ್ಟಿತು. ಕುಚ್ಚಲಕ್ಕಿಯ ಗಂಜಿಯ ಮೊದಲ ತುತ್ತಿನೊಡನೆ ಅದು ನಾಲಿಗೆಗೆ ತಾಗಿದಾಗ, ಮೇ ತಿಂಗಳ ಅಂಗಳದ ಬಿಸಿಲೇ ಮರಳಿ ಬಂದಂತಾಗುತ್ತಿತ್ತು. ಆ ಪರಿಮಳವನ್ನು ನಾತ ಎನ್ನುವವರೊಡನೆ ನಾನು ವಾದಿಸುವುದಿಲ್ಲ.

ಈಗ ಮಂಜುಗಡ್ಡೆಯಿದೆ, ಶೀತಪೆಟ್ಟಿಗೆಯಿದೆ. ಜೂನ್ 1ರಿಂದ ಜುಲೈ 31ರವರೆಗೆ, ಆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿದ್ದರೂ, ದೂರದ ಮೀನು ಹೆದ್ದಾರಿಯಲ್ಲಿ ಬಂದು ಮನೆ ಬಾಗಿಲಿಗೆ ತಲುಪುತ್ತದೆ. ಹಸಿವಿನ ಭಯ ಹೋದದ್ದಕ್ಕೆ ದುಃಖಪಡುವುದು ಅವಿವೇಕ. ಅಮ್ಮಮ್ಮನೇ ಇದ್ದಿದ್ದರೆ ನನ್ನನ್ನು ಗದರುತ್ತಿದ್ದಳು. ಆದರೂ ಅಗತ್ಯ ತೀರಿದ ಮೇಲೆ ಉಳಿಯುವ ರುಚಿ ಒಂದು ವಿಚಿತ್ರ ಸ್ಥಿತಿಯದು. ಅದನ್ನು ಬಯಸುವ ನಾಲಿಗೆಗಳಿವೆ, ಅದಕ್ಕಾಗಿ ಪಡುವಣ ಆಕಾಶವನ್ನು ನೋಡುವ ಕಣ್ಣಿಲ್ಲ. ನಾನೂ ಶೆಟ್ಲಿಯನ್ನು ಪೇಟೆಯ ಪೊಟ್ಟಣದಲ್ಲಿಯೇ ಕೊಳ್ಳುತ್ತೇನೆ. ಕಳೆದ ಮೇ ತಿಂಗಳಲ್ಲಿ ಒಮ್ಮೆ ಹಟಹಿಡಿದು ನಾಲ್ಕು ಬಂಗುಡೆಗಳಿಗೆ ಉಪ್ಪು ತುಂಬಿ ಅಂಗಳದಲ್ಲಿಟ್ಟೆ. ಎರಡು ಬಿಸಿಲು ದಾಟಿತ್ತು. ಮೂರನೆಯ ಮಧ್ಯಾಹ್ನ ನಾನು ಒಳಗೆ ಕೂತು ಏನೋ ಓದುತ್ತಿದ್ದೆ. ಮಳೆ ಬಂದದ್ದು ತಿಳಿದಾಗ ಮೀನು ನೆನೆದುಹೋಗಿತ್ತು.