ಮನೆಯ ಸಭೆ, ಮಹಿಳೆಯ ಮಾತು

 ಬೆಂಗಳೂರಿನ ಮಿಷನ್ ರೋಡಿನಲ್ಲಿ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಕಾಂಪೌಂಡ್ ಇದೆ. ಆ ಸಭೆಯಲ್ಲಿ ಹೆಂಗಸರು ಸಭಾಪಾಲಕರಾಗಬಹುದು. 2013ರಲ್ಲಿ ಆಂಧ್ರದ ನಂದ್ಯಾಲ ಪ್ರಾಂತ್ಯಕ್ಕೆ ಇ. ಪುಷ್ಪಲಲಿತಾ ಬಿಷಪ್ಪರೇ ಆದರು. ಮಿಷನ್ ರೋಡಿನಿಂದ ಹೆಚ್ಚು ದೂರವಿಲ್ಲದ ರಿಚ್‌ಮಂಡ್ ಟೌನಿನ ಕಥೋಲಿಕ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಬಲಿಪೂಜೆ ಅರ್ಪಿಸುವ ಗುರುಗಳು ಮಾತ್ರ ಗಂಡಸರೇ. ಎರಡೂ ಕಡೆ ಓದುವುದು ಅದೇ ಪೌಲನ ಪತ್ರಗಳನ್ನು. ಹಾಗಿದ್ದೂ ಈ ಭೇದವೇಕೆ?

ಆ ಪತ್ರಗಳಲ್ಲಿ ಎರಡು ವಿಚಾರಗಳು ಒಟ್ಟಿಗೆ ಇವೆ. ದೀಕ್ಷಾಸ್ನಾನ ಪಡೆದವರಲ್ಲಿ ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ, ಗಂಡು–ಹೆಣ್ಣು ಎಂಬ ಭೇದ ನಿಲ್ಲದು ಎನ್ನುತ್ತದೆ ಗಲಾತ್ಯದವರಿಗೆ ಬರೆದ ಪತ್ರ. ಹೆಂಡತಿಗೆ ಗಂಡನೇ ತಲೆ ಎನ್ನುವುದು ಇನ್ನೊಂದು ವಿಚಾರ. ಮೊದಲನೆಯದು ದೇವರೆದುರು ಮನುಷ್ಯ ಯಾರು ಎಂಬುದರ ಬಗ್ಗೆ. ಎರಡನೆಯದು ಸಂಸಾರ ಹೇಗೆ ನಡೆಯಬೇಕೆಂಬುದರ ಬಗ್ಗೆ. ಯಜಮಾನನೇ ಸರ್ವಸ್ವವಾಗಿದ್ದ ರೋಮನ್ ಲೋಕಕ್ಕೆ ಎರಡನೆಯದು ಹೊಸದೇನಲ್ಲ. ಹೊಸದಾಗಿದ್ದದ್ದು ಮೊದಲನೆಯದು.

ಆರಂಭದ ಸಭೆಗಳು ಕೂಡುತ್ತಿದ್ದದ್ದು ಮನೆಗಳಲ್ಲಿ. ಮನೆಯೊಳಗೆ ಹೆಣ್ಣಿನ ಮಾತಿಗೆ ಬೆಲೆಯಿತ್ತು. ಫಿಲಿಪ್ಪಿಯಲ್ಲಿ ನೇರಳೆ ಬಟ್ಟೆಯ ವ್ಯಾಪಾರಿ ಲುದ್ಯ ತನ್ನ ಮನೆಯನ್ನೇ ತೆರೆದಳು. ಪ್ರಿಸ್ಕ ಗಂಡ ಅಕ್ವಿಲನ ಜೊತೆ ಸೇರಿ ಬೋಧಿಸಿದಳು. ಕೆಂಖ್ರೆಯ ಸಭೆಯ ಸೇವೆಯಲ್ಲಿದ್ದ ಫೊಯಿಬೆಯನ್ನು ಪೌಲ ರೋಮಿನವರಿಗೆ ಹೆಸರು ಹಿಡಿದು ಪರಿಚಯಿಸುತ್ತಾನೆ. ಅದೇ ಅಧ್ಯಾಯದಲ್ಲಿ ಬರುವ ಯೂನ್ಯಳ ಅಪೊಸ್ತಲ ಗೌರವವನ್ನು, ಹೆಂಗಸರಿಗೆ ಗುರುಪಟ್ಟ ಒಪ್ಪದ ಧರ್ಮಬೋಧಕ ಕ್ರಿಸೊಸ್ತೊಮನೂ ನಾಲ್ಕನೇ ಶತಮಾನದಲ್ಲಿ ಬೆರಗಿನಿಂದ ಕೊಂಡಾಡಿದ. ಆಮೇಲಿನ ಕೆಲವರು ಅವಳನ್ನು ಗಂಡಸೆಂದೇ ಓದಿದರು!

ಹೊರಗಿನವನೊಬ್ಬನ ಸಾಕ್ಷಿ ಇನ್ನೂ ಗಟ್ಟಿ. ಸುಮಾರು 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ, ಕ್ರೈಸ್ತರು ಸೇವಕಿಯರೆಂದು ಕರೆಯುತ್ತಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದೆನೆಂದು ಚಕ್ರವರ್ತಿ ಟ್ರಾಜನ್‌ಗೆ ಬರೆದ. ರೋಮಿನ ಕಾನೂನು ಯಾವ ಸ್ಥಾನವನ್ನೂ ಕೊಡದ ಹೆಂಗಸರಿಗೆ ಸಭೆ ಕೆಲಸ ಕೊಟ್ಟಿತ್ತು, ಹೆಸರೂ ಕೊಟ್ಟಿತ್ತು.

ಮತ್ತೆ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂಬ ಆಜ್ಞೆ? ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ಪ್ರಾರ್ಥಿಸುವ, ಪ್ರವಾದಿಸುವ ಹೆಣ್ಣು ತಲೆ ಮುಚ್ಚಿಕೊಳ್ಳಲಿ ಎನ್ನುತ್ತದೆ.  ಅಂದರೆ ಆಕೆ ಸಭೆಯಲ್ಲಿ ಮಾತಾಡುತ್ತಿದ್ದಳು. 14ನೇ ಅಧ್ಯಾಯವೋ ಸುಮ್ಮನಿರಲಿ ಎನ್ನುತ್ತದೆ. ಅದು ನಂತರ ಸೇರಿದ ಮಾತೆನ್ನುವವರಿದ್ದಾರೆ, ಆ ಊರಿನ ಗದ್ದಲಕ್ಕಷ್ಟೇ ಹೇಳಿದ್ದೆನ್ನುವವರಿದ್ದಾರೆ. ಹೆಂಗಸು ಉಪದೇಶಿಸಬಾರದೆನ್ನುವ, ತಿಮೊಥೆಯನಿಗೆ ಬರೆದ ಮೊದಲ ಪತ್ರ ಪೌಲನದ್ದೇ ಅಲ್ಲವೆಂಬುದು ಅನೇಕ ವಿದ್ವಾಂಸರ ಮತ. ಒಂದು ಕಾಲದ, ಒಂದು ಊರಿನ ಬುದ್ಧಿವಾದವನ್ನು ಮನುಷ್ಯಸ್ವರೂಪದ ಸಿದ್ಧಾಂತವಾಗಿ ಏರಿಸಿದ್ದು ಅನ್ಯಾಯವೆಂದೇ ನನ್ನ ನಂಬಿಕೆ.

ಸಭೆ ಮನೆಯಿಂದ ಸಾರ್ವಜನಿಕ ಭವನಕ್ಕೆ ಬಂದಂತೆ ಹೊರಲೋಕದ ಅಧಿಕಾರಕ್ರಮವೂ ಒಳಗೆ ಬಂತು. ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಪ್ರತಿ ಹೆಣ್ಣಿನಲ್ಲೂ ಹವ್ವಳ ಅಪರಾಧ ಕಂಡ. ಅದೇ ಊರಲ್ಲಿ 203ರಲ್ಲಿ ಹುತಾತ್ಮಳಾದ ಪೆರ್ಪೆತುವ ಸೆರೆಮನೆಯಲ್ಲಿ ಬರೆದದ್ದು ಇಂದಿಗೂ ಉಳಿದಿದೆ. ದೇವರ ಪ್ರತಿರೂಪಕ್ಕೆ ಗಂಡು-ಹೆಣ್ಣಿಲ್ಲ ಎಂದ ನಿಸ್ಸಾದ ಬಿಷಪ್ ಗ್ರೆಗೊರಿ, ಆತ್ಮದ ಕುರಿತ ತನ್ನ ಸಂವಾದದಲ್ಲಿ ಅಕ್ಕ ಮಕ್ರೀನಳನ್ನೇ ಗುರುವಾಗಿ ಕೂರಿಸಿದ. ಜೇಡರ ದಾಸಿಮಯ್ಯನನ್ನು ಓದಿದ ಕನ್ನಡಿಗರಿಗೆ ಗಂಡು-ಹೆಣ್ಣಿಲ್ಲವೆಂಬ ಈ ವಿಚಾರ ಅಪರಿಚಿತವಲ್ಲ.

ಆದರೆ ಮಕ್ರೀನ ಮದುವೆಯಾಗದ ತಪಸ್ವಿನಿ. ನಮ್ಮ ಅಕ್ಕಮಹಾದೇವಿಯೂ ಸಂಸಾರ ತೊರೆದೇ ನಡೆದವಳು. ಆತ್ಮದಲ್ಲಿ ಸಮಾನತೆ, ಹುದ್ದೆಯಲ್ಲಿ ಅಸಮಾನತೆ ಎಂಬ ಒಪ್ಪಂದದಲ್ಲಿ ಹೆಣ್ಣು ಗೌರವಕ್ಕೆ ತೆತ್ತ ಬೆಲೆ ಇದು: ಹೆಂಡತಿಯಾಗಿ ಇದ್ದುಕೊಂಡೇ ಬೋಧಿಸುತ್ತಿದ್ದ ಪ್ರಿಸ್ಕಳಂಥವರ ದಾರಿ ಮುಚ್ಚಿತು. ಹುದ್ದೆಯ ಮಾತಿಗೆ ಬಂದರೆ, ಫೊಯಿಬೆಯದು ದೀಕ್ಷೆ ಪಡೆದ ಹುದ್ದೆಯೇ ಎಂಬ ವಾದ ಮುಗಿದಿಲ್ಲ. ಆರಂಭದ ಸಭೆಯ ಸೇವಕಿಯರ ಕುರಿತು ಪೋಪ್ ಫ್ರಾನ್ಸಿಸ್ 2016ರಲ್ಲಿ ಒಂದು ಆಯೋಗ ನೇಮಿಸಿದರು, 2020ರಲ್ಲಿ ಮತ್ತೊಂದು.