ಎರಡನೆಯ ಹಕ್ಕಿ

ಬೃಹದಾರಣ್ಯಕ ಉಪನಿಷತ್ತಿನ ಸೃಷ್ಟಿಕಥೆಯಲ್ಲಿ ಮೊದಲಿಗೆ ಇದ್ದವನು ಒಬ್ಬನೇ. ಅವನಿಗೆ ಭಯವಾಯಿತು. ಭಯ ಕಳೆದ ಮೇಲೂ ಸುಖವಿರಲಿಲ್ಲ. ಇನ್ನೊಂದು ಜೀವ ಬೇಕೆಂದು ಬಯಸಿದ. ಅಂಗಡಿಯ ಪಂಜರದ ಮುಂದೆ ನಿಂತು, ಒಂದು ಬಡ್ಜಿ ಸಾಕೋ ಎರಡು ಬೇಕೋ ಎಂದು ಯೋಚಿಸುವವರು ಈ ಕಥೆಯನ್ನು ಹಕ್ಕಿಯ ಕಡೆಯಿಂದ ಓದಿಕೊಳ್ಳಬೇಕು.

ನಮ್ಮ ಪೇಟೆಗಳಲ್ಲಿ ಲವ್ ಬರ್ಡ್ಸ್ ಎಂದೇ ಮಾರುವ ಈ ಪುಟ್ಟ ಗಿಳಿ ಆಸ್ಟ್ರೇಲಿಯಾದ ಒಣ ಒಳನಾಡಿನದು. ಮಳೆ ಬಿದ್ದು ಹುಲ್ಲು ತೆನೆಗಟ್ಟಿದ ಕಡೆಗೆ ಹಿಂಡು ಹಿಂಡಾಗಿ ಹಾರುತ್ತದೆ. ನೀರಿನ ಹೊಂಡಗಳ ಬಳಿ ಸಾವಿರಗಟ್ಟಲೆ ಸೇರುತ್ತದೆ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಂದಿನಿಂದ ಎಷ್ಟೋ ತಲೆಮಾರು ಪಂಜರದಲ್ಲೇ ಹುಟ್ಟಿದರೂ ಹಿಂಡಿನ ಗುಣ ಬಿಟ್ಟಿಲ್ಲ. ಜೋಡಿಯಾದ ಗಂಡು ತನ್ನ ಹೆಣ್ಣಿನ ಕೂಗನ್ನೇ ಕಲಿತು ಅದರಂತೆ ಕೂಗುತ್ತದೆ. ಒಂಟಿ ಹಕ್ಕಿ ಕನ್ನಡಿಯೊಳಗಿನ ಬಿಂಬಕ್ಕೆ ಗುಟುಕು ಕೊಡಲು ನೋಡುತ್ತದೆ.

ಒಂದೇ ಸಾಕಿದರೆ ಬೇಗ ಹೊಂದಿಕೊಳ್ಳುತ್ತದೆ, ಮಾತೂ ಕಲಿಯುತ್ತದೆ ಎಂಬ ಮಾತು ಸುಳ್ಳಲ್ಲ. 1958ರ ಬಿಬಿಸಿ ಸ್ಪರ್ಧೆ ಗೆದ್ದ ಇಂಗ್ಲೆಂಡಿನ ಸ್ಪಾರ್ಕಿ ವಿಲಿಯಮ್ಸ್ ಎಂಬ ಬಡ್ಜಿಗೆ 500ಕ್ಕೂ ಹೆಚ್ಚು ಪದಗಳು ಬರುತ್ತಿದ್ದವು. ಆದರೆ ಸಂಗಾತಿಗಾಗಿ ಬಂದ ಕಲೆಯನ್ನು, ಸಂಗಾತಿಯೇ ಇಲ್ಲದಾಗ, ಹಕ್ಕಿ ಮನುಷ್ಯನತ್ತ ತಿರುಗಿಸುತ್ತದೆ. ಬೇರೆ ದಾರಿಯನ್ನು ಮುಚ್ಚಿ ಪಡೆದದ್ದು ಪ್ರೀತಿಯೇ?

ಅದೇ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ತನ್ನ ಪತ್ನಿ ಮೈತ್ರೇಯಿಗೆ ಹೇಳಿದ್ದು ಇಲ್ಲಿ ನೆನಪಾಗುತ್ತದೆ: ಯಾವುದೇ ಆಗಲಿ, ಪ್ರಿಯವಾಗುವುದು ಅದಕ್ಕಾಗಿ ಅಲ್ಲ, ಆತ್ಮಕ್ಕಾಗಿ. ಆ ಆತ್ಮ ಅಹಂಕಾರವಲ್ಲ, ನಿಜ. ಆದರೆ 'ನನ್ನನ್ನೇ ಹಚ್ಚಿಕೊಳ್ಳಲಿ' ಎಂದು ಒಂದೇ ಹಕ್ಕಿ ಕೊಳ್ಳುವಾಗ ಮಾತಾಡುವುದು ಅಹಂಕಾರವೇ. ಹಿಂಡಿನ ಜೀವವನ್ನು ಒಂಟಿಯಾಗಿಡಬಾರದೆಂಬ ವಿಚಾರವನ್ನು ಸ್ವಿಟ್ಜರ್ಲೆಂಡ್ ಕಾನೂನಿಗೇ ತಂದಿದೆ. 2008ರ ನಿಯಮದಂತೆ ಅಲ್ಲಿ ಗುಂಪಾಗಿ ಬದುಕುವ ಸಾಕುಪ್ರಾಣಿಗಳಿಗೆ ಸ್ವಜಾತಿಯ ಸಂಗ ಇರಲೇಬೇಕು.

ಜೈನರು ಇನ್ನೂ ಹಿಂದಕ್ಕೆ ಹೋಗಿ ಕೇಳುತ್ತಾರೆ. ಅವರ ತತ್ತ್ವಾರ್ಥಸೂತ್ರ ಗೃಹಸ್ಥನ ಅಹಿಂಸಾವ್ರತದ ಲೋಪಗಳನ್ನು ಹೇಳುವಾಗ ಹೊಡೆತದ ಜೊತೆಗೇ ಬಂಧನವನ್ನೂ ಸೇರಿಸುತ್ತದೆ. ಹಾಗಾದರೆ ಪಂಜರವೇ ತಪ್ಪಲ್ಲವೇ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಪಂಜರದಲ್ಲಿ ಹುಟ್ಟಿದ ಬಡ್ಜಿಯನ್ನು ಬೆಂಗಳೂರಿನ ಆಕಾಶಕ್ಕೆ ಬಿಟ್ಟರೆ ಹದ್ದು, ಕಾಗೆ, ಹಸಿವು ಅದನ್ನು ಮುಗಿಸುತ್ತವೆ. ಬಂಧನ ತಪ್ಪದಿದ್ದರೂ ಅದರೊಳಗೆ ಒಂಟಿತನವನ್ನೂ ಹೇರಬೇಕಿಲ್ಲ.

ಎರಡಿದ್ದರೆ ನಂಟು ನಿಧಾನ, ಅಷ್ಟೇ. ಮೊದಲ ಕೆಲವು ದಿನ ಪಂಜರದ ಪಕ್ಕ ಕುಳಿತು ಮೆಲುದನಿಯಲ್ಲಿ ಮಾತಾಡಬೇಕು, ಮುಟ್ಟಬಾರದು. ಆಮೇಲೆ ನವಣೆಯ ತೆನೆ ಹಿಡಿದ ಕೈಯನ್ನು ಒಳಗಿಟ್ಟು ಅಲುಗಾಡಿಸದೆ ಕಾಯಬೇಕು. ಧೈರ್ಯದ ಹಕ್ಕಿ ಮೊದಲು ಬರುತ್ತದೆ. ಅದನ್ನು ನೋಡಿ ಅಂಜುಬುರುಕಿಯೂ ಬರುತ್ತದೆ. ಹಿಡಿದು ಪಳಗಿಸುವುದು ಬೇಡ. ಎರಡು ಗಂಡುಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಗಂಡು-ಹೆಣ್ಣಾದರೆ, ಮರಿ ಬೇಡದವರು ಮೊಟ್ಟೆಯ ಮಡಕೆ ಕಟ್ಟಬಾರದು.

ಎರಡರಲ್ಲಿ ಒಂದು ಸತ್ತಾಗ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹೊಸದನ್ನು ತಂದರೆ ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ರೋಗವಿಲ್ಲವೆಂದು ನೋಡಿಕೊಂಡು ಜೊತೆಗೂಡಿಸಬೇಕು. ಮುಂದೆ ಸಾಕುವ ಮನಸ್ಸಿಲ್ಲದವರು ಉಳಿದ ಹಕ್ಕಿಯನ್ನು ಬಡ್ಜಿಗಳಿರುವ ಮನೆಗೆ ಕೊಡುವುದು ಒಳ್ಳೆಯದು, ಅದು ಅಷ್ಟರಲ್ಲಿ ಹೆಗಲ ಮೇಲೆ ಬಂದು ಕೂರುವಷ್ಟು ಹಚ್ಚಿಕೊಂಡಿದ್ದರೂ.