ಪಾನವೂ ಹೊಣೆಯೂ

ಮದ್ಯಪಾನ ಮಾಡಿದವನು ಅಪರಾಧವನ್ನೆಸಗಿದಾಗ, ಅದು ಕುಡಿತದ ದೋಷವೇ ಹೊರತು ಮನುಷ್ಯನ ದೋಷವಲ್ಲವೆಂದು ಲೋಕವು ಸಮಾಧಾನ ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಯುಕ್ತವಾದುದು? ಇದನ್ನು ನಿರ್ಣಯಿಸಬೇಕಾದರೆ, ಮದ್ಯವು ದೇಹದೊಳಗೆ ಮಾಡುವ ಕಾರ್ಯವನ್ನು ಮೊದಲು ಅರಿಯಬೇಕು.

ಶರೀರದಲ್ಲಿ ಸೆರೊಟೋನಿನ್ ಎಂಬ ದ್ರವ್ಯವೊಂದುಂಟು. 1948ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಎಂಬ ವಿಜ್ಞಾನಿಗಳು ಇದನ್ನು ರಕ್ತದಿಂದ ಬೇರ್ಪಡಿಸಿ ಹೆಸರಿಟ್ಟರು. ಇದರ ಬಹುಭಾಗವು ಕರುಳಿನಲ್ಲಿರುವುದು. ಅಲ್ಪಾಂಶವು ಮಿದುಳಿನಲ್ಲಿ ಸಂದೇಶವಾಹಕವಾಗಿರುವುದು. ಆ ಸಂದೇಶವನ್ನು ಕೊಳ್ಳುವ ಗ್ರಾಹಕಗಳು ಹಲವು ಬಗೆಯವು. ಅವುಗಳಲ್ಲಿ ಮೂರನೆಯ ಬಗೆಯದು ನರಕೋಶದ ಬಾಗಿಲಿನಂತಿದ್ದು, ಸೆರೊಟೋನಿನ್ ಸೋಂಕಿದೊಡನೆ ತೆರೆಯುತ್ತದೆ. ಮದ್ಯಸಾರವು ಕೂಡಿದರೆ ಈ ಬಾಗಿಲಿನ ಕಾರ್ಯವು ಉಲ್ಬಣಿಸುತ್ತದೆಂಬುದು ಪ್ರಯೋಗಸಿದ್ಧವಾದ ಸಂಗತಿ. ಪಾನದ ಸುಖಭಾವಕ್ಕೆ ಇದೂ ಒಂದು ಕಾರಣ.

ಇದೇ ಬಗೆಯ ಗ್ರಾಹಕಗಳು ಹೃದಯದಿಂದ ಮಿದುಳಿಗೆ ಸುದ್ದಿಯೊಯ್ಯುವ ವೇಗಸ್ ನರದ ತುದಿಗಳಲ್ಲಿಯೂ ಇವೆ. ಅವು ಕೆರಳಿದರೆ ನಾಡಿಯು ನಿಧಾನವಾಗಿ ರಕ್ತದೊತ್ತಡವು ಇಳಿಯುತ್ತದೆ. ಈ ಪ್ರತಿವರ್ತನೆಯ ಮೂಲವನ್ನು ಬೆಜೋಲ್ಡ್ ಎಂಬ ಜರ್ಮನ್ ಪಂಡಿತನು 1867ರಲ್ಲಿಯೇ ಗುರುತಿಸಿದ್ದನು. ಇದಲ್ಲದೆ ಕೊರಳಿನ ರಕ್ತನಾಳದಲ್ಲಿ ಇನ್ನೊಂದು ಕಾವಲುಂಟು: ಮನುಷ್ಯನು ಥಟ್ಟನೆ ಎದ್ದು ನಿಂತಾಗ ಒತ್ತಡವು ಕುಸಿಯದಂತೆ ಅದು ಹೃದಯವನ್ನು ಎಚ್ಚರಿಸುತ್ತದೆ. ಮದ್ಯವು ಈ ಕಾವಲನ್ನು ಮಂಕಾಗಿಸುತ್ತದೆ. ಕುಳಿತವನ ನಾಡಿಯು ನಿಷ್ಕಾರಣವಾಗಿ ಓಡುತ್ತದೆ. ಎದ್ದವನು ತಲೆಸುತ್ತಿ ಬೀಳುತ್ತಾನೆ.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕಾವಲು ಸಡಿಲಿದ ಹೊತ್ತಿನಲ್ಲಿಯೇ ಕುಡಿದವನಿಗೆ ತಾನು ಸುಖಿಯೆಂದೂ ಸಮರ್ಥನೆಂದೂ ತೋರುತ್ತದೆ. ಅಳೆಯುವ ಕೋಲೇ ಬಾಗಿರಲು ಅಳತೆಯು ಸರಿಯಾಗುವುದೆಂತು? ಎರಡನೆಯ ಬಟ್ಟಲು ಬೇಕೇ ಬೇಡವೇ ಎಂದು ತೀರ್ಮಾನಿಸುವ ಬುದ್ಧಿಯನ್ನು ಮೊದಲನೆಯ ಬಟ್ಟಲು ಆಗಲೇ ಕದಡಿರುತ್ತದೆ. ಆದುದರಿಂದ ಹೊಣೆಯನ್ನು ಹುಡುಕಬೇಕಾದುದು ಅಮಲಿನ ಗಳಿಗೆಯಲ್ಲಲ್ಲ, ಬಟ್ಟಲನ್ನು ಮುಟ್ಟುವ ಮುನ್ನಿನ ಗಳಿಗೆಯಲ್ಲಿ. ಆಗ ವಿವೇಕವು ಅಖಂಡವಾಗಿರುತ್ತದೆ. ಆಗ ಮಾಡಿದ ಆಯ್ಕೆಯು ಸಂಪೂರ್ಣವಾಗಿ ಅವನದೇ. ಕದವನ್ನು ತಾನೇ ತೆರೆದಿಟ್ಟವನು ಕಳ್ಳನನ್ನಷ್ಟೇ ದೂರಲಾಗದು.

ಹಾಗೆಂದು ಚಟಕ್ಕೆ ಸಿಲುಕಿದವನನ್ನು ಹಳಿಯುವುದೇ ಧರ್ಮವಲ್ಲ. ಬಹುಕಾಲ ಕುಡಿದವನ ನರಗಳು ಮದ್ಯಕ್ಕೆ ಒಗ್ಗಿಹೋಗಿರುತ್ತವೆ. ಅಂಥವನು ಒಮ್ಮೆಲೇ ಬಿಟ್ಟರೆ ನಡುಕ, ಭ್ರಮೆ, ಸೆಳವುಗಳು ಬಂದು ಪ್ರಾಣಾಪಾಯವೂ ಆಗಬಹುದು. ಅವನಿಗೆ ಬೇಕಾದುದು ಬೈಗುಳವಲ್ಲ, ವೈದ್ಯನ ನೆರವು ಮತ್ತು ಮನೆಯವರ ತಾಳ್ಮೆ. ಹೊಣೆಯನ್ನು ಮನಗಾಣಿಸುವುದೂ ಕೈಹಿಡಿದು ಎತ್ತುವುದೂ ಪರಸ್ಪರ ವಿರುದ್ಧವಲ್ಲ. ಇನ್ನೂ ಬಟ್ಟಲನ್ನು ಮುಟ್ಟದ ಮಗನಿಗೆ ಮೊದಲನೆಯದನ್ನೂ, ಮುಟ್ಟಿ ಬಳಲಿದ ತಂದೆಗೆ ಎರಡನೆಯದನ್ನೂ ಸಲ್ಲಿಸುವುದು ಗೃಹಸ್ಥರ ಕರ್ತವ್ಯ.